ಹನ್ನೆರಡನೆಯವಳು

ಡಯಾನಾ ಮತ್ತು ಮಾಯಾ ಗೆರೆಯ ಹೊರಗೆ ಚಪ್ಪಲಿ ಬಿಟ್ಟು ಕೋರ್ಟಿಗೆ ಇಳಿದರು. ಮಾಯಾ ಬಗ್ಗಿ ನೆಲ ಮುಟ್ಟಿದಳು, ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಮೇ ತಿಂಗಳ ಬಿಸಿಲಿಗೆ ಸಿಮೆಂಟು ರೊಟ್ಟಿ ಹಂಚಿನ ಹಾಗೆ ಕಾದಿತ್ತು.

“ಚಪ್ಪಲಿ ಯಾಕ ಬಿಟ್ರಿ?” ಎಂದರು ಪುಂಡಲೀಕ ಸರ್. ಅವರು ಹಳಿಯಾಳದ ಒಂದು ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್.

“ಕಣದಾಗ ಚಪ್ಪಲಿ ಹಾಕಂಗಿಲ್ರೀ” ಎಂದಳು ಡಯಾನಾ.

“ಇದು ಕಣ ಅಲ್ಲವ್ವಾ, ಕೋರ್ಟ್.”

ಇಬ್ಬರೂ ಹೂಂ ಎಂದು ತಲೆ ಆಡಿಸಿದರು. ಚಪ್ಪಲಿ ಮಾತ್ರ ಹಾಕಿಕೊಳ್ಳಲಿಲ್ಲ. ತೇರಗಾಂವದಲ್ಲಿ ಅವರು ಆಟ ಕಲಿತದ್ದು ಭತ್ತ ಒಕ್ಕುವ ಕಣದಲ್ಲಿ. ನಡುವಿನ ಕಂಬಕ್ಕೆ ತಳ ಕಿತ್ತುಹೋದ ಬಕೆಟ್ ಕಟ್ಟಿ, ದಿನಾ ಸಂಜೆ ಅದರೊಳಗೆ ಚೆಂಡು ಹಾಕುತ್ತಿದ್ದರು. ಕಣ ಅಂದರೆ ಅನ್ನದ ಜಾಗ. ಅಲ್ಲಿ ಚಪ್ಪಲಿ ಮೆಟ್ಟಿದರೆ ಊರವರು ಬೈದು ಬೆವರಿಳಿಸುತ್ತಾರೆ. ಹಾಗಾಗಿ ಆಟ ಅಂದರೆ ಬರಿಗಾಲು ಎಂದೇ ಇಬ್ಬರಿಗೂ ರೂಢಿ.

ಡಯಾನಾಳ ತಂಗಿ ಸೆಲಿನ್ ಕಂಪೌಂಡ್ ಗೋಡೆಯ ಮೇಲೆ ಕುಳಿತಿದ್ದಳು. ಅವಳಿಗೆ ಐದನೇ ಕ್ಲಾಸು.

ಟೀಮಿಗೆ ಹನ್ನೆರಡು ಹುಡುಗಿಯರು ಬೇಕು. ಹನ್ನೊಂದು ಮಂದಿ ಸಿಕ್ಕಿದ್ದರು, ಉಳಿದದ್ದು ಒಂದೇ ಜಾಗ. ಆ ಜಾಗ ಸಿಕ್ಕವಳಿಗೆ ಪಿಯುಸಿ ಫೀ, ಹಾಸ್ಟೆಲ್, ಊಟ ಎಲ್ಲಾ ಫ್ರೀ. ಸಿಗದಿದ್ದರೆ ಡಯಾನಾ ಗೋವಾಕ್ಕೆ ಹೋಗಿ ಯಾರದೋ ಮನೆಯ ಪಾತ್ರೆ ತಿಕ್ಕಬೇಕು. ಚಿಕ್ಕಮ್ಮ ಆ ಮನೆಯವರ ಹತ್ತಿರ ಮಾತಾಡಿಯೂ ಆಗಿತ್ತು.

ಸರ್ ಡಯಾನಾಳನ್ನು ಹುಡುಕಿಕೊಂಡು ಮನೆಗೇ ಬಂದಿದ್ದರು. ಆಫ್ರಿಕಾ ಮೂಲದ ನಿಮ್ಮ ಸಿದ್ದಿ ಮಂದಿಗೆ ಆಟ ರಕ್ತದಲ್ಲೇ ಇರುತ್ತದೆ ಎಂದು ಅಜ್ಜಿ ಮಾರ್ಗರೀಟಾಳಿಗೆ ಹೇಳಿದ್ದರು. ಅಜ್ಜಿ ಚಹಾ ಕೊಟ್ಟಿದ್ದಳು. ಶಾಲೆಯ ಓಟದಲ್ಲಿ ಡಯಾನಾ ಪ್ರತಿ ವರ್ಷವೂ ಕೊನೆಗೆ ಬರುತ್ತಿದ್ದಳು. ಎತ್ತರ ಮಾತ್ರ ಹೌದು, ಬಾಗಿಲಲ್ಲಿ ಬಗ್ಗಿಯೇ ದಾಟಬೇಕು.

ಆಟ ನಿಜವಾಗಿ ಬರುತ್ತಿದ್ದುದು ಗೆಳತಿ ಮಾಯಾಳಿಗೆ. ಡಯಾನಾಗೆ ಚೆಂಡು ಹಿಡಿಯಲು ಕಲಿಸಿದವಳೂ ಅವಳೇ. ಅವಳಿಗೂ ಇದೇ ಜಾಗ ಬೇಕಿತ್ತು. ಸೆಲಿನ್‌ಗೆ ಅದು ಗೊತ್ತಿತ್ತು, ಆದರೆ ಇವತ್ತು ಅದನ್ನು ಯೋಚಿಸುವ ಮನಸ್ಸಿರಲಿಲ್ಲ.

ಸರ್ ಸೀಟಿ ಊದಿದರು. ಶೂ ಹಾಕಿದ್ದ ಇಬ್ಬರು ಕಾಲೇಜು ಹುಡುಗಿಯರು ಇವರಿಬ್ಬರ ಎದುರು ಆಟಕ್ಕೆ ನಿಂತರು.

ಬುಟ್ಟಿಯ ಕೆಳಗೆ ಬೇವಿನ ಟೊಂಗೆಯ ನೆರಳಿತ್ತು. ಇಡೀ ಕೋರ್ಟಿಗೆ ಅದೊಂದೇ ನೆರಳು, ಸಣ್ಣ ಚಾಪೆಯಷ್ಟು. ಡಯಾನಾ ನೆಟ್ಟಗೆ ಹೋಗಿ ಅದರಲ್ಲಿ ನಿಂತಳು. ಕಾಲು ಸುಡುತ್ತಿತ್ತು, ಬೇರೆ ಕಾರಣ ಏನೂ ಇಲ್ಲ. ಮಾಯಾ ಕೂಡ ಆ ಕಡೆ ಬಂದಳು. ಡಯಾನಾ ನಿಂತದ್ದು ನೋಡಿ ತಿರುಗಿ ಬಿಸಿಲಿಗೆ ಹೋದಳು.

ಮಾಯಾ ಓಡಿದಳು, ಜಿಗಿದಳು. ಕಾಲೂರಿ ನಿಂತು ಗುರಿ ಇಡಲು ಆಗಲೇ ಇಲ್ಲ. ಅವಳು ಹಾಕಿದ್ದು ಒಂದೂ ಬುಟ್ಟಿಗೆ ಬೀಳಲಿಲ್ಲ. ತಪ್ಪಿದಾಗಲೆಲ್ಲ ಸೆಲಿನ್ ಗೋಡೆಯ ಮೇಲೆ ಸಣ್ಣಗೆ ಚಪ್ಪಾಳೆ ತಟ್ಟಿದಳು. ಕೊನೆಗೆ ಮಾಯಾ ತಾನು ಹಾಕುವುದನ್ನೇ ಬಿಟ್ಟು ಚೆಂಡನ್ನು ಡಯಾನಾಗೆ ಎಸೆಯತೊಡಗಿದಳು. ಡಯಾನಾ ಹಿಡಿದಳು, ಕೈ ಎತ್ತಿದಳು, ಹಾಕಿದಳು. ನೆರಳು ಬಿಟ್ಟು ಆಚೆ ಕಾಲಿಡಲಿಲ್ಲ.

ಸರ್ ಭಾರಿ ಖುಷಿಯಾದರು.

“ಎಲ್ಲಿ ನಿಂದರಬೇಕು ಅನ್ನೂದು ಈ ಹುಡುಗಿಗೆ ಗೊತ್ತೈತಿ. ಅದನ್ನ ಕಲಸಾಕ ಬರಂಗಿಲ್ಲ.”

ಹನ್ನೆರಡನೇ ಜಾಗ ಡಯಾನಾಗೆ ಎಂದರು. ಮಾಯಾಳದ್ದು ಮುಂದಿನ ವರ್ಷ ನೋಡೋಣ ಎಂದರು. ಮಾಯಾ ಆಯ್ತು ರೀ ಎಂದು ಚಪ್ಪಲಿ ಹಾಕಿಕೊಂಡಳು. ಸೆಲಿನ್ ಗೋಡೆಯಿಂದ ಜಿಗಿದು ಬಂದು ಅಕ್ಕನ ಸೊಂಟಕ್ಕೆ ಜೋತುಬಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಡಯಾನಾ ಅಜ್ಜಿಗೆ ಫೋನ್ ಮಾಡುತ್ತ ಆಚೆ ಹೋದಳು. ಮಾಯಾ ಕಟ್ಟೆಯ ಮೇಲೆ ಕುಳಿತು ಚಪ್ಪಲಿ ತೆಗೆದು ಅಂಗಾಲು ನೋಡಿಕೊಂಡಳು. ಎರಡೂ ಕಾಲಿಗೆ ಬೊಬ್ಬೆ ಎದ್ದಿತ್ತು. ಒಂದು ಒಡೆದಿತ್ತು.

“ನೀನೂ ನೆರಳಿಗೆ ನಿಂದರಬೇಕಿತ್ತ, ಮಾಯಕ್ಕ” ಎಂದಳು ಸೆಲಿನ್.

“ಒಬ್ಬಾಕಿಗಷ್ಟ ಇತ್ತಲ್ಲ” ಎಂದಳು ಮಾಯಾ. “ನಾನೂ ಅಲ್ಲೇ ನಿಂತ್ರ ನಿಮ್ಮಕ್ಕಗ ಚೆಂಡು ಯಾರು ಕೊಡತಿದ್ರು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೆಲಿನ್ ತಿರುಗಿ ಏನಾದರೂ ಅಂದುಬಿಡಬಹುದಿತ್ತು. ಅಕ್ಕ ಗೆದ್ದ ಖುಷಿ ಇನ್ನೂ ಹೊಟ್ಟೆಯಲ್ಲಿತ್ತು. ಅದರ ಪಕ್ಕದಲ್ಲೇ ಅಳುವೂ ಬಂದು ಕುಳಿತಿತ್ತು. ಚಪ್ಪಾಳೆ ತಟ್ಟಿದ ಕೈಗಳನ್ನು ಅವಳು ಲಂಗಕ್ಕೆ ಒರೆಸಿಕೊಂಡಳು.

ತೇರಗಾಂವದ ಬಸ್ಸು ಬಂತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸೆಲಿನ್ ಜನರ ಕೈಕೆಳಗೆ ನುಸುಳಿ ಆಗಷ್ಟೇ ಖಾಲಿಯಾದ ಒಂದು ಸೀಟಿನ ಮೇಲೆ ಅಂಗೈ ಊರಿ ನಿಂತಳು. ಡಯಾನಾ ನಗುತ್ತ ಕೂರಲು ಬಂದಳು.

“ಇದು ಮಾಯಕ್ಕಂದು” ಎಂದಳು ಸೆಲಿನ್.

ಮಾಯಾ ಕುಂಟುತ್ತ ಬಂದು ಕುಳಿತಳು. ಡಯಾನಾ ಅವಳ ಕಾಲನ್ನೇ ನೋಡಿದಳು. ಮಾಯಾಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಊರು ಬರುವವರೆಗೂ ನಿಂತೇ ಬಂದಳು.