ಮಾಳಿಗೆಯಲ್ಲಿ ಉಳಿದ ಒಬ್ಬರು

ಮಧ್ಯಾಹ್ನದ ಹೊತ್ತಿಗೆ ‘ಮಾಳಿಗೆ’ ಖಾಲಿಯಾಗಿತ್ತು.

ಬ್ರಹ್ಮಪುರದಲ್ಲಿ ಬಟ್ಟೆ ಹೊಲಿಯುವ ತ್ರಿವೇಣಿ ಫೋನನ್ನು ಮತ್ತೆ ಮತ್ತೆ ನೋಡಿದಳು. ‘ನೀವು ಈ ಗುಂಪಿನ ಸದಸ್ಯರಲ್ಲ.’ ‘ಮಾಳಿಗೆ’ ಅವಳೇ ಕಟ್ಟಿದ ಫೋನ್ ಗುಂಪು. ಹೆಣ್ಣನ್ನು ಪ್ರೀತಿಸುವ ಅವಳಂಥ ಹೆಂಗಸರು, ಗಂಡನ್ನು ಪ್ರೀತಿಸುವ ಗಂಡಸರು, ಹುಟ್ಟಿದ ದೇಹ ತಮ್ಮದಲ್ಲವೆನ್ನಿಸಿದವರು—ಇನ್ನೂರ ಹನ್ನೆರಡು ಮಂದಿ. ಬರೆಯುವಾಗ ಹೆಸರು ಹಾಕಬಾರದು, ಅದೊಂದೇ ನಿಯಮ. ಖಾತೆಯ ಚಿತ್ರಕ್ಕೆ ಕೆಲವರು ಸ್ವಂತ ಮುಖ ಹಾಕಿದ್ದರು, ಕೆಲವರು ಹೂವು, ಚಂದ್ರ. ಯಾರೋ ಕನಸು ಹೇಳುತ್ತಿದ್ದರು, ಯಾರೋ ಹೂಂಗುಡುತ್ತಿದ್ದರು. ಬಿಸಿಲೂರಿನಲ್ಲೂ ತಂಗಾಳಿ ಸುಳಿದಂತಾಗುತ್ತಿತ್ತು.

ಈಗ ಆ ಮುಖಗಳೆಲ್ಲ ಯಾರ ಕೈಗೆ ಸಿಕ್ಕವು?

ಮೊಬೈಲ್ ರಿಪೇರಿ ಅಂಗಡಿಯ ಆಸ್ಫಿಯಾಳೂ ಅದೇ ಗುಂಪಿನವಳು. ತ್ರಿವೇಣಿ ಅಂಗಡಿಗೆ ಹೋಗಿ ಅವಳೆದುರು ಕೂತಳು.

“ಮಂದೀನ್ನ ತೆಗಿಯೋ ಅಧಿಕಾರ ಯಾರಿಗದ, ಅಕ್ಕಾ?”

“ನನಗ, ತಾರಿಖ್‌ಗ, ಕಮಲಾಪುರದ ಪ್ರಬುದ್ಧಗ.”

“ಯಾರ ಮ್ಯಾಲ ಸಂಶಯ?”

“ತಾರಿಖ್. ಎಲ್ಲಾರೂ ಸ್ವಂತ ಫೋಟೊ ಹಾಕ್ಬೇಕಂತ ಹ್ವಾದ ವಾರ ಜಗಳಾಡ್ಯಾನ.”

“ಪ್ರಬುದ್ಧ?”

“ಫೋನ್ ಎತ್ತವಲ್ಲ.”

ಕರೆ ಹೋದೊಡನೆ ತಾರಿಖ್ ಅಂಗಡಿಗೆ ಬಂದ. ತನ್ನ ಫೋನ್ ಮುಂದಿಟ್ಟ. ಅವನೂ ಗುಂಪಿನಿಂದ ಹೊರಗೆ.

ಆಸ್ಫಿಯಾ ಹತ್ತಾರು ಸದಸ್ಯರಿಗೆ ಫೋನ್ ಮಾಡಿದಳು. ಒಂದೇ ಪ್ರಶ್ನೆ—ಗುಂಪು ಕಡೆಗೆ ಕಂಡದ್ದು ಎಷ್ಟೊತ್ತಿಗೆ? ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡು ಎದ್ದಳು.

“ನಡೀರಿ, ಕಮಲಾಪುರಕ್ಕ.”

ಬಸ್ಸಿನ ಕಿಟಕಿಯಾಚೆ ಇಳಿಬಿಸಿಲಿನಲ್ಲಿ ತೊಗರಿ ಹೊಲಗಳು ತೇಲಿಹೋಗುತ್ತಿದ್ದವು. ಆಸ್ಫಿಯಾ ಚೀಟಿ ಬಿಚ್ಚಿದಳು.

“ಸ್ವಂತ ಮುಖ ಹಾಕಿದವ್ರು ಎಂಟಕ್ಕೇ ಹೊರಗ ಹೋಗ್ಯಾರ. ಹೂವು, ಚಂದ್ರನ ಚಿತ್ರ ಹಾಕಿದವ್ರು ಹನ್ನೊಂದರ ತನಾ ಇದ್ದಾರ. ವೈರಿ ಆಗಿದ್ರ ಮುಖಗೋಳನ್ನ ಮೊದಲು ಬಿಡ್ತಿದ್ದನೇನು? ಇದು ಕಾಯೋ ಕೈ, ಅಕ್ಕಾ.”

“ಯಾರ ಕೈ?”

“ಗುಂಪಿನ ಹೆಸರಿನ ಕೆಳಗ ನೋಡ್ರಿ.”

‘ಸದಸ್ಯರು: 1.’ ಅಷ್ಟು ಸಲ ನೋಡಿಯೂ ತ್ರಿವೇಣಿ ಅದನ್ನು ಓದಿರಲಿಲ್ಲ.

“ನೀವು ಹೊರಗ, ತಾರಿಖ್ ಹೊರಗ. ಒಳಗ ಉಳಿದವ ಪ್ರಬುದ್ಧ. ಅವನೇ ಎಲ್ಲಾರನ್ನೂ ತೆಗೆದಾನ.”

ಕೆಂಪು ಬಾಳೆಯ ತೋಟದಂಚಿನಲ್ಲಿ ಪ್ರಬುದ್ಧ ನಿಂತಿದ್ದ. ಏನನ್ನೂ ಮುಚ್ಚಿಡಲಿಲ್ಲ.

“ಅಣ್ಣಗ ನನ್ನ ಸುದ್ದಿ ಯಾರೋ ಹೇಳ್ಯಾರ, ಅಕ್ಕಾ. ಸಂತಿಯಿಂದ ಬಂದು ನಿನ್ನ ಫೋನ್ ನೋಡ್ತೀನಿ ಅಂದು ಹ್ವಾದ. ನಿಮ್ಮ ಯಾರ ಮುಖಾನೂ ಅವನ ಕಣ್ಣಿಗೆ ಬೀಳಬಾರದಂತ ತೆಗೆದೆ, ನನಗ ಅಷ್ಟೇ ಹೊತ್ತಿತ್ತು.”

“ನೀನೂ ಹೊರಗ ಬರಬೇಕಿತ್ತಲ್ಲೋ?”

“ಕಡೀಯವ ಹೊರಗ ಬಂದ್ರ ಗುಂಪೇ ಅಳಿಸಿಹೋಗ್ತದ. ಮೂರು ವರ್ಷ ಬರದದ್ದು ಅದ ಅದರಾಗ. ಅದಕ್ಕ ಒಳಗೇ ಕುಂತೆ.”

“ಈಗ ಫೋನ್ ಎಲ್ಲೈತಿ?”

ಅವನು ಕೈ ತೋರಿಸಿದ. ಬಾಳೆಗಳ ನೆರಳಲ್ಲಿ, ಒಡ್ಡಿನ ಮೇಲೆ ಅಣ್ಣ ಆನಂದಕುಮಾರ ತಲೆ ತಗ್ಗಿಸಿ ಕೂತಿದ್ದ. ಅವನ ಹೆಬ್ಬೆರಳು ಫೋನಿನ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು, ತುಟಿ ಅಲುಗುತ್ತಿತ್ತು.

“ಬಂದಾಗಿನಿಂದ ಓದಾಕತ್ತಾನ,” ಎಂದ ಪ್ರಬುದ್ಧ. “ಊಟಕ್ಕೂ ಎದ್ದಿಲ್ಲ.”