ಮೂರನೇ ಕೊಟ್ಟಿಗೆ

ಎಮ್ಮೆ ಮತ್ತೆ ಗೋಡೆಗೆ ಗುದ್ದಿತು. ಜಯಕ್ಕನ ಮೊಬೈಲಿನ ಬಟನ್ ಒತ್ತಿ ಒತ್ತಿ ಶ್ವೇತಳ ಹೆಬ್ಬೆರಳು ನೋಯುತ್ತಿತ್ತು.

ಜಯಾ ಬಿಳೇಕಹಳ್ಳಿಯ ಶ್ವೇತಳ ಮನೆಯ ಮಹಡಿಗೆ ಬಾಡಿಗೆಗೆ ಬಂದವಳು. ಊರು ಬಾಗಲಕೋಟೆ ಕಡೆ. ಮೊಬೈಲ್ ಗೇಮ್ ಮಾಡುವ ಆಫೀಸಿನಲ್ಲಿ ಕೆಲಸ. ಇದು ಅವಳೇ ಮಾಡಿದ ಗೇಮ್. ಒಂದೊಂದು ಹಂತಕ್ಕೂ ಒಂದೊಂದು ಕೊಟ್ಟಿಗೆ, ಅದರ ತುಂಬ ಎಮ್ಮೆಗಳು. ಅವನ್ನು ಅತ್ತಿತ್ತ ಸರಿಸಿ ಮೂಲೆಯಲ್ಲಿರುವ ಕರುವನ್ನು ಬಾಗಿಲಿಗೆ ತರಬೇಕು.

“ಹೆಂಗದ?” ಎಂದಳು ಜಯಾ.

“ಸಖತ್ತಾಗಿದೆ ಅಕ್ಕ.”

ಹಾಗೆನ್ನದೆ ಬೇರೆ ದಾರಿಯಿರಲಿಲ್ಲ. ಅಕ್ಕಪಕ್ಕದವರು ಏನು ತಂದುಕೊಟ್ಟರೂ ಕೊರತೆ ಹೇಳಬಾರದೆಂಬುದು ಆ ಮನೆಯ ಪದ್ಧತಿ. ಉಪ್ಪಿಲ್ಲದ ಸಾರನ್ನೂ ಮನೆಯವರೆಲ್ಲ ಹೊಗಳಿಕೊಂಡೇ ಉಂಡಿದ್ದರು.

ಅಜ್ಜಿ ಲಕ್ಷ್ಮಿದೇವಮ್ಮ ಮೊಬೈಲನ್ನು ತಲೆಕೆಳಗಾಗಿ ಹಿಡಿದು ನೋಡಿ, “ಎಮ್ಮೆಗಳು ಏನ್ ಲಕ್ಷಣವಾಗವೆ ಕಣವ್ವ,” ಎಂದರು. ಅಮ್ಮ ನೋಡದೆಯೇ, “ತುಂಬಾ ಚೆನ್ನಾಗಿದೆ,” ಎಂದರು.

ಜಯಾಳ ಮುಖ ಸಪ್ಪಗಾಯಿತು. “ಎಲ್ಲಾರೂ ಹಿಂಗ ಅಂತಾರ. ಮೂರನೇ ಕೊಟ್ಟಿಗಿಗೆ ಬಂದು ಆಟ ಬಿಟ್ಟು ಹೋಗ್ತಾರ. ಯಾಕಂತ ಸೋಮವಾರದೊಳಗ ತಿಳೀಲಿಲ್ಲಂದ್ರ ನಮ್ ಸಾಹೇಬ್ರು ಈ ಗೇಮ್ ಕೈಬಿಡ್ತಾರ.”

ಶ್ವೇತ ಸಿಕ್ಕಿಕೊಂಡಿದ್ದೂ ಮೂರನೆಯದರಲ್ಲೇ. ತನಗೊಬ್ಬಳಿಗೇ ಬರುತ್ತಿಲ್ಲವೆಂದು ನಾಚಿಕೆಪಟ್ಟು ಸುಮ್ಮನಿದ್ದಳು.

“ಅಕ್ಕ, ಎಮ್ಮೆಗಳೆಲ್ಲ ಒಂದೇ ಥರ ಕರ್ರಗಿವೆ. ಯಾವುದನ್ನ ಹಿಡ್ಕೊಂಡಿದೀನಿ ಅಂತಾನೇ ಗೊತ್ತಾಗಲ್ಲ. ಬೋರ್ ಆಗುತ್ತೆ.”

ಅಮ್ಮ ಸೆರಗಿನ ಮರೆಯಲ್ಲೇ ಅವಳ ತೋಳು ಚಿವುಟಿದರು. “ಬಾಯಿಗೆ ಬಂದಿದ್ದು ಮಾತಾಡ್ತಾಳೆ. ತಪ್ಪು ತಿಳ್ಕೋಬೇಡಮ್ಮ.”

ಜಯಾ ಆ ಕಡೆ ತಿರುಗಲೇ ಇಲ್ಲ. ಕುರ್ಚಿ ಬಿಟ್ಟು ಶ್ವೇತಳ ಪಕ್ಕದಲ್ಲಿ ನೆಲಕ್ಕೆ ಕುಳಿತಳು. “ಇನ್ನೊಮ್ಮೆ ಹೇಳು. ಮೊದಲ ಎಲ್ಲಿ ಸಿಟ್ಟು ಬಂತು?”

ಶ್ವೇತ ಆಡಿ ತೋರಿಸಿದಳು. ಎಮ್ಮೆ ಗುದ್ದಿದಲ್ಲೆಲ್ಲ ಜಯಾ ತಲೆಯಾಡಿಸಿದಳು.

“ಹಂಗಾರೆ ನಾನೂ ಹೇಳ್ಬೋದಾ?” ಎಂದರು ಅಜ್ಜಿ. “ಕರೂನ ಮೂಲೇಗ್ ಕಟ್ಟಿ, ಬಾಗಿಲ ತುಂಬ ಎಮ್ಮೆ ಕಟ್ಟೋನು ಅದ್ಯಾವನವ್ವ, ತಲೆ ಇಲ್ದೋನು?”

“ನಾನೇರಿ ಅಜ್ಜಿ.”

ಅಜ್ಜಿ ಕೆಮ್ಮಿದರು. ಅಮ್ಮ ನಗು ತಡೆಯಲಾರದೆ, “ಆ ಗೇಮಿನ ಟೊಂಯ್ ಟೊಂಯ್ ಸದ್ದೂ ಬೆಳಗಿಂದ ತಲೆ ತಿಂತಿದೆ,” ಎಂದುಬಿಟ್ಟರು.

ಜಯಾಳೂ ನಕ್ಕಳು. ಹೊಗಳಿದಾಗ ಸಪ್ಪಗಾಗಿದ್ದ ಮುಖ, ಇಷ್ಟೆಲ್ಲ ಬೈಸಿಕೊಂಡ ಮೇಲೆ ಅರಳಿದ್ದನ್ನು ಶ್ವೇತ ನೋಡುತ್ತಲೇ ಇದ್ದಳು.

“ಎಲ್ಲಾ ಸರಿ ಮಾಡಿ ತರ್ತೀನಿ,” ಎಂದು ಜಯಾ ಎದ್ದಳು. “ಆವಾಗ ಸಖತ್ ಅಂತೀ ಹೌದಿಲ್ಲೋ?”

‘ಹೂಂ’ ಎನ್ನಲು ಹೋದ ಶ್ವೇತ ಸ್ವಲ್ಪ ಯೋಚಿಸಿದಳು.

“ಆಡಿ ನೋಡಿ ಹೇಳ್ತೀನಿ ಅಕ್ಕ.”