ಹಸಿರು ಮುದ್ರೆಯ ಹುರಿಹಿಟ್ಟು

ಸೋಮವಾರ ಬೆಳಿಗ್ಗೆ ಗುಬ್ಬಿ ಠಾಣೆಗೆ ಬಂದ ಚಿಕ್ಕಬೀರಯ್ಯನವರ ಕೈಯಲ್ಲಿ ಅರ್ಧ ಖಾಲಿಯಾದ ಹುರಿಹಿಟ್ಟಿನ ಪ್ಯಾಕೆಟ್ ಇತ್ತು. ಅವರ ನಾಲ್ಕು ವರ್ಷದ ಮೊಮ್ಮಗಳು ಹಿಂದಿನ ದಿನ ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಶವ ಇನ್ನೂ ಶವಾಗಾರದಲ್ಲಿತ್ತು.

"ದಿನಾ ಇದ್ನೇ ಕಲ್ಸಿ ಕೊಡ್ತಿದ್ವಿ ಸಾರ್. ಕಣ್ಣು ಹಳ್ದಿ ಆಯ್ತು. ಆಮೇಲೆ ರಕ್ತ ಕಾರ್ಕಂಡ್ಳು."

"ಬೇರೆ ಯಾರಿಗಾದ್ರೂ ಹಿಂಗಾಗಿದ್ಯಾ?" ಇನ್‌ಸ್ಪೆಕ್ಟರ್ ಮೋಹನ್‌ಕುಮಾರ್ ಕೇಳಿದರು.

"ನಮ್ಮ ಬೀದೀದೇ ಇನ್ನೆರಡು ಮಕ್ಳು ಅಡ್ಮಿಟ್ ಆಗವೆ. ಅವ್ರ ಮನೇಲೂ ಇದೇ ಹಿಟ್ಟು."

ಪ್ಯಾಕೆಟ್ ಮೇಲೆ ಹಸಿರು ಮುದ್ರೆ: 'ಪರೀಕ್ಷಿಸಲಾಗಿದೆ, ಬೂಷ್ಟಿನ ವಿಷವಿಲ್ಲ.' ಮೋಹನ್‌ಕುಮಾರ್ ಅದನ್ನು ಎರಡು ಸಲ ಓದಿ ಎಫ್‌ಐಆರ್ ದಾಖಲಿಸಿದರು. ಮರಣೋತ್ತರ ಪರೀಕ್ಷೆಗೆ ಕೋರಿಕೆ ಹೋಯಿತು.

ಹಿಟ್ಟು ತಯಾರಾಗುತ್ತಿದ್ದುದು ಚೇಳೂರಿನ ಮಹಿಳಾ ಸಂಘವೊಂದರಲ್ಲಿ. ಅಲ್ಲಿನ ಗೋದಾಮಿನ ಬಾಗಿಲು ತೆಗೆದೊಡನೆ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಮಹಿಳಾ ಕಾನ್‌ಸ್ಟೆಬಲ್ ಕೃತಿಕಾ ಹಿಟ್ಟಿಗೆ ಹುರಿದು ಹಾಕುವ ಕಡಲೆಬೀಜದ ಮೂಟೆಯೊಳಕ್ಕೆ ಕೈಯಿಟ್ಟಳು. ತಳದ ಬೀಜಗಳಿಗೆ ಹಸಿರು ಬೂಷ್ಟು ಹಿಡಿದಿತ್ತು. ಪಂಚರ ಸಮಕ್ಷಮ ಮಾದರಿ ತೆಗೆದು, ಸೀಲ್ ಮಾಡಿ, ಪಂಚನಾಮೆ ಬರೆದರು.

"ವಾಸ್ನೆ ಬಂದ್ರೂ ಹೆಂಗೆ ಹುರುದ್ರಿ?" ಮೋಹನ್‌ಕುಮಾರ್ ಕೇಳಿದರು.

ಸಂಘದ ಅಧ್ಯಕ್ಷೆ ಚೆನ್ನಮ್ಮ ಸೆರಗು ಹಿಂಡುತ್ತಾ ನಿಂತಿದ್ದರು. "ಮೇಲಿನ ಬೀಜ ಚೆನ್ನಾಗೇ ಇತ್ತು ಸಾರ್. ಪ್ರತಿ ಲೋಡಿಂದೂ ಸ್ಯಾಂಪಲ್ ಕುಣಿಗಲ್ ಸೆಂಟರ್‌ಗೆ ಹೋಗ್ತದೆ. ಮಿಷನ್ ಸರಿ ಅಂದ್ಮೇಲೆ ನಾವೇನ್ ನೋಡೋದು?"

ಕುಣಿಗಲ್‌ನ ಪರೀಕ್ಷಾ ಕೇಂದ್ರದಲ್ಲಿದ್ದವಳು ಪರೀಕ್ಷಕಿ ಅನುಪಮಾ ಒಬ್ಬಳೇ. ಕೇಳುವ ಮೊದಲೇ ಅಂಗೈಯಗಲದ ಯಂತ್ರವನ್ನು ಮೇಜಿನ ಮೇಲಿಟ್ಟು ದೂರ ಸರಿದು ನಿಂತಳು. ಅದನ್ನು ವಶಕ್ಕೆ ಪಡೆಯುವಾಗ ಕೃತಿಕಾ ಕಸದ ಡಬ್ಬಿಯಲ್ಲಿದ್ದ, ಪರೀಕ್ಷೆಗೆ ಬಳಸಿದ ಪಟ್ಟಿಗಳನ್ನೂ ಜಪ್ತಿ ಮಾಡಿದಳು.

ಮಾರನೆಯ ದಿನ ತುಮಕೂರಿನ ಪ್ರಯೋಗಾಲಯದಲ್ಲಿ ಸಂಶೋಧಕಿ ಶಶಿಕಲಾ ಯಂತ್ರವನ್ನು ವಿವರಿಸಿದರು.

"ಶುಗರ್ ನೋಡೋ ಮಿಷನ್ ಇದ್ದಂಗೆ ಸಾರ್. ಬೀಜ ಅರೆದು, ದ್ರಾವಣದಲ್ಲಿ ಕಲಸಿ, ಶೋಧಿಸಿದ ಒಂದು ಹನಿ ಪಟ್ಟಿ ಮೇಲೆ ಹಾಕ್ತೀವಿ. ಪಟ್ಟಿಗೆ ಬಳಿದಿರೋದು ಅಫ್ಲಟಾಕ್ಸಿನ್ ಅನ್ನೋ ಬೂಷ್ಟಿನ ವಿಷವನ್ನ ಹಿಡ್ಕೊಳ್ಳುತ್ತೆ. ಹಿಡ್ಕೊಂಡ್ರೆ ಕರೆಂಟ್ ಬದಲಾಗುತ್ತೆ. ಮಿತಿ ದಾಟಿದ್ರೆ ಕೆಂಪು ದೀಪ."

"ಮಿಷನ್ ಕೆಟ್ಟಿರಬೋದಾ?"

ಶಶಿಕಲಾ ಚೇಳೂರಿನ ಬೀಜವನ್ನು ಅದೇ ಯಂತ್ರದಲ್ಲಿ ಪರೀಕ್ಷಿಸಿದರು. ಕೆಂಪು ದೀಪ ಹತ್ತಿತು. ಆಮೇಲೆ ಕಸದ ಡಬ್ಬಿಯ ಪಟ್ಟಿಗಳನ್ನು ಮಸೂರದ ಕೆಳಗೆ ಹಿಡಿದರು.

"ಬೀಜದ ರಸ ಬಿದ್ರೆ ಮಾಸಲು ಕಲೆ ಉಳಿಯುತ್ತೆ. ಇವಕ್ಕೆ ಬರೀ ದ್ರಾವಣ ಬಿದ್ದಿದೆ. ಇವರು ಬೀಜಾನೇ ಹಾಕಿಲ್ಲ ಸಾರ್."

ಮಧ್ಯಾಹ್ನ ಮೋಹನ್‌ಕುಮಾರ್ ಮತ್ತೆ ಕುಣಿಗಲ್‌ನಲ್ಲಿದ್ದರು.

"ದುಡ್ಡು ಯಾರು ಕೊಟ್ರಮ್ಮ?"

"ಯಾರೂ ಕೊಟ್ಟಿಲ್ಲ."

"ಮತ್ಯಾಕೆ?"

ಅನುಪಮಾ ಕುರ್ಚಿ ಎಳೆದುಕೊಂಡು ಕೂತಳು. "ಹೋದ ವರ್ಷ ಚೇಳೂರಿನ ಬೀಜಕ್ಕೆ ಕೆಂಪು ಬಂತು. ನಾನೇ ಬರ್ಕೊಟ್ಟೆ. ಪೂರ್ತಿ ಮಾಲು ಹೂತಾಕಿದ್ರು. ಬೀಜ ಒಣಗಿಸೋ ಜವಾಬ್ದಾರಿ ಸಂಘದ ಸುಬ್ಬಲಕ್ಷ್ಮಮ್ಮಂದು. ಸಂಘದೋರೆಲ್ಲ ಅವರ ಮೇಲೆ ಬಿದ್ರು. ಅವತ್ತೇ ಬಾವಿಗೆ ಹಾರ್ಕೊಂಡ್ರು. ಅವರ ಮಗಳು ಇಲ್ಲೀಗಂಟ ಬಂದು, ನಮ್ಮಮ್ಮನ್ನ ನಿನ್ ಮಿಷನ್ ತಿಂತು ಅಂದ್ಳು. ಆಮೇಲೆ ಬೀಜ ಹಾಕಕ್ಕೆ ಕೈ ಬರ್ಲಿಲ್ಲ ಸಾರ್."

ಮೋಹನ್‌ಕುಮಾರ್ ಚೆನ್ನಮ್ಮನಿಗೆ ಫೋನ್ ಮಾಡಿ ಸುಬ್ಬಲಕ್ಷ್ಮಮ್ಮನ ಸಾವಿನ ವಿಷಯ ಖಚಿತಪಡಿಸಿಕೊಂಡರು. "ಹೌದು ಸಾರ್," ಎಂದ ಚೆನ್ನಮ್ಮ ತಡೆದು, "ನಾನೂ ಬೈದಿದ್ದೆ ಆವಮ್ಮಂಗೆ," ಎಂದರು.

ಬಂಧನದ ಜ್ಞಾಪನ ಪತ್ರ ಬರೆದು, ಅನುಪಮಾಳ ಅಣ್ಣನಿಗೆ ವಿಷಯ ಮುಟ್ಟಿಸಿ, ಹೊತ್ತು ಮುಳುಗುವ ಮುಂಚೆ ಅವಳನ್ನು ಜೀಪಿಗೆ ಹತ್ತಿಸಿದರು. ಸ್ವಲ್ಪ ದೂರ ಹೋದ ಮೇಲೆ ಅವಳೇ ಬಾಯಿ ಬಿಟ್ಟಳು.

"ಬೇರೆ ಸಂಘಗಳ ಬೀಜಾನೂ ನಾನು ಹಂಗೇ ಪಾಸ್ ಮಾಡಿದೀನಿ."

"ಯಾವ ಊರು?"

ಅವಳು ಹೇಳತೊಡಗಿದಳು. ಕೃತಿಕಾ ಬರೆದುಕೊಂಡಳು. ಮೋಹನ್‌ಕುಮಾರ್ ಒಂದೊಂದು ಠಾಣೆಗೂ ಫೋನ್ ಹಚ್ಚಿ, ಹುರಿಹಿಟ್ಟು ಮಕ್ಕಳಿಗೆ ಕೊಡದಂತೆ ಮನೆಮನೆಗೆ ಹೋಗಿ ತಿಳಿಸಲು ಹೇಳಿದರು. ಗುಬ್ಬಿ ತಲುಪಿದರೂ ಊರುಗಳು ಮುಗಿದಿರಲಿಲ್ಲ.

ಠಾಣೆಯಲ್ಲಿ ಕೇಸ್ ಡೈರಿ ಬರೆಯಲು ಕೂತ ಮೋಹನ್‌ಕುಮಾರ್ ಕೃತ್ಯದ ಕಾರಣ ಬರೆಯುವಲ್ಲಿಗೆ ಬಂದು ಪೆನ್ನು ನಿಲ್ಲಿಸಿದರು. ಕೊನೆಗೆ ಒಂದೇ ಸಾಲು ಬರೆದರು: 'ತನ್ನಿಂದ ಮತ್ತೊಂದು ಸಾವು ಆದೀತೆಂಬ ಭಯ.'